ವಿದ್ಯಾರ್ಥಿಯ ಹಕ್ಕು, ವಿದ್ಯಾಲಯದ ಶಿಸ್ತು

(ಬಾನುಲಿ ಭಾಷಣ)

ವಿದ್ಯಾರ್ಥಿಗಳ ಹಕ್ಕು ಎಂದ ಕೂಡಲೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ಮೆರವಣಿಗೆ, ಧಿಕ್ಕಾರದ ಕೂಗು, ಬೀಗ ಬಿದ್ದ ಕಾಲೇಜಿನ ಬಾಗಿಲು. “ಓದುವ ಮಕ್ಕಳಿಗೆ ಹಕ್ಕೇನು ಬಂತು, ಓದುವುದೇ ಅವರ ಹಕ್ಕು” ಎಂದು ಮನೆಯ ಹಿರಿಯರು ಹೇಳುವುದುಂಟು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಓದುವುದೇ ವಿದ್ಯಾರ್ಥಿಯ ಮೊದಲನೆಯ ಹಕ್ಕು. ಆದರೆ ಆ ಓದು ಯಾರದೋ ಒಬ್ಬರ ಮರ್ಜಿಯಿಂದ ನಡುದಾರಿಯಲ್ಲಿ ನಿಂತುಹೋಗದಂತೆ ಕಾಯುವ ಏರ್ಪಾಡು ಬೇಡವೆ? ಆ ಏರ್ಪಾಡನ್ನೇ ನಾನು ಈ ಹೊತ್ತು ಹಕ್ಕು ಎಂದು ಕರೆಯುತ್ತೇನೆ. ಅದು ಶಿಸ್ತಿಗೆ ವಿರೋಧಿಯಲ್ಲ. ಶಿಸ್ತು ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವುದೇ ಅದರ ಕೆಲಸ.

ನಂಜನಗೂಡಿನ ಮತ್ತು ತಿರುಮಕೂಡಲು ನರಸೀಪುರದ ಬಸ್ ನಿಲ್ದಾಣಗಳಲ್ಲಿ ಬೆಳಗಿನ ಹೊತ್ತು ಯಾರು ಬೇಕಾದರೂ ಒಂದು ನೋಟವನ್ನು ಕಾಣಬಹುದು. ಪುಸ್ತಕದ ಚೀಲ ಹೊತ್ತ ಹುಡುಗ ಹುಡುಗಿಯರು ಮೈಸೂರಿನ ಬಸ್ಸಿಗೆ ಮುಗಿಬೀಳುತ್ತಾರೆ. ನಂಜನಗೂಡಿನವರಿಗೆ ರೈಲೂ ಉಂಟು. ಮೈಸೂರಿಗೆ ಅಲ್ಲಿಂದ ಸುಮಾರು 25 ಕಿಲೋಮೀಟರು, ನರಸೀಪುರದಿಂದ ಸುಮಾರು 30 ಕಿಲೋಮೀಟರು. ಊರಿನ ಕಾಲೇಜಿನಲ್ಲೇ ಪದವಿ ಓದುವವರೂ ಇದ್ದಾರೆ. ಮುಂದೆ ಓದಬೇಕೆಂದರೆ ಅವರೂ ಮಾನಸಗಂಗೋತ್ರಿಯ ಕಡೆ ಮುಖ ಮಾಡಬೇಕು. ಇವರಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಇಂಥ ಮನೆಗೆ ಕಾಲೇಜಿನಿಂದ ಒಂದು ಕಾಗದ ಬಂದರೆ ಸರ್ಕಾರದ ಹುಕುಂ ಬಂದಂತೆಯೇ. ಅದರಲ್ಲಿ ಬರೆದಿರುವುದು ಸರಿಯೆ, ತಪ್ಪೆ, ಅದನ್ನು ಪ್ರಶ್ನಿಸಬಹುದೆ ಎಂದು ಹೇಳುವವರು ಮನೆಯಲ್ಲಿ ಯಾರೂ ಇಲ್ಲ. “ದೊಡ್ಡವರ ಎದುರು ಮಾತಾಡಬೇಡ, ಕ್ಷಮಾಪಣೆ ಬರೆದುಕೊಟ್ಟು ಬಾ” ಎಂದು ತಂದೆ ಹೇಳುತ್ತಾನೆ. ಮಗ ತಪ್ಪು ಮಾಡಿರದಿದ್ದರೂ ಬರೆದುಕೊಡುತ್ತಾನೆ. ಆದ್ದರಿಂದ ನನ್ನ ಮಾತು ವಿದ್ಯಾರ್ಥಿಗಳಿಗೆ ಎಷ್ಟು ಸೇರಿದ್ದೋ ಅವರ ತಂದೆತಾಯಿಗಳಿಗೂ ಅಷ್ಟೇ ಸೇರಿದ್ದು.

ಮೊದಲು ಕಾಲೇಜಿನ ಅಧಿಕಾರ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ಅದಕ್ಕೆ ಮೊದಲು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇದು ಸ್ಥಾಪನೆಯಾಯಿತು, ಎಚ್. ವಿ. ನಂಜುಂಡಯ್ಯನವರು ಮೊದಲನೆಯ ಕುಲಪತಿಗಳಾದರು. ಸ್ವತಃ ಮಹಾರಾಜರ ಇಚ್ಛೆಯಿಂದ ಹುಟ್ಟಿದ ಸಂಸ್ಥೆಯಾದರೂ ಅದಕ್ಕೆ ಒಂದು ಕಾನೂನನ್ನೇ ಮಾಡಬೇಕಾಯಿತು ಎಂಬುದನ್ನು ಗಮನಿಸಬೇಕು. ಈಗ ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳಿಗೆ 2000ನೆಯ ಇಸವಿಯ ಕಾಯಿದೆ ಉಂಟು. ಕುಲಪತಿಗಳಾಗಲಿ, ಕುಲಸಚಿವರಾಗಲಿ, ಕಾಲೇಜಿನ ಪ್ರಿನ್ಸಿಪಾಲರಾಗಲಿ ಚಲಾಯಿಸುವ ಅಧಿಕಾರ ಅವರ ಸ್ವಂತದ್ದಲ್ಲ, ಕಾನೂನು ಕೊಟ್ಟದ್ದು. ಕಾನೂನು ಕೊಟ್ಟ ಅಧಿಕಾರ ಕಾನೂನಿನ ಗಡಿಯೊಳಗೇ ನಡೆಯಬೇಕು.

ಈ ಗಡಿಯನ್ನು ಎಳೆದದ್ದು 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಅದರ 14ನೆಯ ವಿಧಿ ಹೇಳುತ್ತದೆ. ಮಾತಾಡುವ, ಶಾಂತಿಯಿಂದ ಸಭೆ ಸೇರುವ, ಸಂಘ ಕಟ್ಟುವ ಸ್ವಾತಂತ್ರ್ಯ 19ನೆಯ ವಿಧಿಯಲ್ಲಿದೆ. ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯದ ರಕ್ಷಣೆ 21ನೆಯ ವಿಧಿಯಲ್ಲಿದೆ. ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಮತ, ಜಾತಿ, ಭಾಷೆಗಳ ಕಾರಣದಿಂದಲೇ ಒಬ್ಬನಿಗೆ ಪ್ರವೇಶ ನಿರಾಕರಿಸಬಾರದು ಎಂದು 29ನೆಯ ವಿಧಿ ಹೇಳುತ್ತದೆ. ಈ ಹಕ್ಕುಗಳೆಲ್ಲ ಕಾಲೇಜಿನ ಗೇಟಿನವರೆಗೆ ಮಾತ್ರ, ಒಳಗೆ ಕಾಲಿಟ್ಟ ಮೇಲೆ ಇಲ್ಲ ಎಂದು ಸಂವಿಧಾನದಲ್ಲಿ ಎಲ್ಲಿಯೂ ಬರೆದಿಲ್ಲ. 1989ರಿಂದ ಈಚೆಗೆ 18 ವರ್ಷ ತುಂಬಿದವರಿಗೆ ಮತದಾನದ ಹಕ್ಕು ಬಂದಿದೆ. ದೇಶದ ಸರ್ಕಾರವನ್ನೇ ಆರಿಸಬಲ್ಲ ಹುಡುಗ ತನ್ನ ಮೇಲಿನ ಆಪಾದನೆ ಏನೆಂದು ಕಾಲೇಜಿನಲ್ಲಿ ಕೇಳಬಾರದೆ?

ಇದು ಬರಿಯ ವಾದದ ಮಾತಲ್ಲ. ಒಂದು ಮೊಕದ್ದಮೆಯ ಕಥೆ ಕೇಳಿ. ಉತ್ತರ ಪ್ರದೇಶದ ಮೂವರು ವಿದ್ಯಾರ್ಥಿಗಳು 1954ರಲ್ಲಿ ಇಂಟರ್ಮೀಡಿಯೆಟ್ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಕೆಲವು ತಿಂಗಳಾದ ಮೇಲೆ ಅವರಿಗೆ ಸುದ್ದಿ ಬಂತು: ಪರೀಕ್ಷೆಯಲ್ಲಿ ಅಕ್ರಮ ಮಾಡಿದ್ದಾರೆಂದು ಅವರ ಫಲಿತಾಂಶ ರದ್ದಾಗಿದೆ, 1955ರ ಪರೀಕ್ಷೆಗೂ ಅವರು ಕೂರುವಂತಿಲ್ಲ. ನೀವು ಏನು ಹೇಳುತ್ತೀರಿ ಎಂದು ಆ ಹುಡುಗರನ್ನು ಯಾರೂ ಒಂದು ಸಲವೂ ಕೇಳಿರಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಮುಟ್ಟಿ 1962ರಲ್ಲಿ ತೀರ್ಪಾಯಿತು. ಒಬ್ಬ ವಿದ್ಯಾರ್ಥಿಯ ಭವಿಷ್ಯಕ್ಕೆ ಇಷ್ಟು ದೊಡ್ಡ ಪೆಟ್ಟು ಕೊಡುವ ಮೊದಲು ಅವನ ಮಾತನ್ನು ಕೇಳಲೇಬೇಕು, ನಿಯಮದಲ್ಲಿ ಹಾಗೆಂದು ಬರೆದಿರದಿದ್ದರೂ ಕೇಳಬೇಕು ಎಂದು ನ್ಯಾಯಮೂರ್ತಿಗಳು ಹೇಳಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮಲ್ಲಿದೆ. ಮನೆಮಂದಿಯೆಲ್ಲ ಸೇರಿ ವರ್ಷಗಟ್ಟಲೆ ಕಟ್ಟಿದ್ದನ್ನು ಒಂದು ರುಜುವಿನಿಂದ ಒಡೆಯಬಹುದು. ಒಡೆಯುವ ಕೈ ಒಂದು ಗಳಿಗೆ ತಡೆದು ವಿಚಾರಿಸಲಿ ಎಂಬುದೇ ಈ ತೀರ್ಪಿನ ಸಾರ. ತೀರ್ಪು ಬರುವಷ್ಟರಲ್ಲಿ ಎಂಟು ವರ್ಷ ಕಳೆದಿತ್ತು ಎಂಬುದನ್ನೂ ಮರೆಯಬಾರದು. ಹಕ್ಕು ನ್ಯಾಯಾಲಯದಲ್ಲಿ ಗೆದ್ದರೆ ಸಾಲದು. ಕಾಲೇಜಿನ ಕಚೇರಿಯಲ್ಲೇ ನಡೆಯುವಂತಾಗಬೇಕು.

ವಿಚಾರಣೆ ಎಂದರೆ ವಕೀಲರು, ಸಾಕ್ಷಿಕಟ್ಟೆ, ಸವಾಲು ಪಾಟೀಸವಾಲು ಎಂದು ತಿಳಿಯಬೇಕಾಗಿಲ್ಲ. 1973ರಲ್ಲಿ ರಾಂಚಿಯ ಒಂದು ವೈದ್ಯಕೀಯ ಕಾಲೇಜಿನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಕೆಲವು ಹುಡುಗರು ರಾತ್ರಿವೇಳೆ ಹುಡುಗಿಯರ ಹಾಸ್ಟೆಲಿನ ಆವರಣಕ್ಕೆ ನುಗ್ಗಿ ಅಸಭ್ಯವಾಗಿ ನಡೆದುಕೊಂಡಿದ್ದರು. ಅಧ್ಯಾಪಕರ ಸಮಿತಿಯೊಂದು ಹುಡುಗಿಯರ ಹೇಳಿಕೆಯನ್ನು ಆ ಹುಡುಗರ ಮುಂದೆ ಪಡೆಯದೆ ಬೇರೆಯಾಗಿ ಪಡೆಯಿತು. ಆಮೇಲೆ ಹುಡುಗರಿಗೆ ಆಪಾದನೆಯನ್ನು ತಿಳಿಸಿ, ಅವರ ಉತ್ತರ ಕೇಳಿ, ಕಾಲೇಜಿನಿಂದ ಹೊರಹಾಕುವಂತೆ ಶಿಫಾರಸು ಮಾಡಿತು. ತಮಗೆ ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶ ಸಿಗಲಿಲ್ಲವೆಂದು ಹುಡುಗರು ದೂರಿದರು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ದೂರು ಕೊಟ್ಟ ಹುಡುಗಿಯರನ್ನು ಆಪಾದಿತರ ಎದುರು ನಿಲ್ಲಿಸಿದ್ದರೆ ಅವರ ಗತಿ ಏನು? ಸಂದರ್ಭಕ್ಕೆ ತಕ್ಕ ನ್ಯಾಯವಾದ ವಿಧಾನ ನಡೆದಿದ್ದರೆ ಸಾಕು ಎಂದಿತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟುಕೊಂಡರೆ ನಮಗೆ ಒಂದು ಅಳತೆಗೋಲು ಸಿಗುತ್ತದೆ. ಆಪಾದನೆ ಏನೆಂದು ಬರಹದಲ್ಲಿ ತಿಳಿಸಬೇಕು. ಉತ್ತರ ಹೇಳಲು ಕಾಲ ಕೊಡಬೇಕು. ಪಕ್ಷಪಾತವಿಲ್ಲದವರು ವಿಚಾರಿಸಬೇಕು. ಆದೇಶದಲ್ಲಿ ಕಾರಣ ಬರೆದಿರಬೇಕು. ಇಷ್ಟು ನಡೆದ ಮೇಲೆ ಶಿಕ್ಷೆಯಾದರೆ ಅದನ್ನು ಶಿಸ್ತು ಎನ್ನಬಹುದು.

ಇನ್ನು ಹೆಣ್ಣುಮಕ್ಕಳ ವಿಷಯ. ಇಲ್ಲಿ ಶಿಕ್ಷೆಯ ಪ್ರಶ್ನೆಯೇ ಏಳುವುದಿಲ್ಲ. ರಕ್ಷಣೆಯ ಹೆಸರಿನಲ್ಲಿಯೇ ಸ್ವಾತಂತ್ರ್ಯ ಕಿರಿದಾಗುತ್ತದೆ. 2021ರ ಆಗಸ್ಟ್ 24ರಂದು ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಘೋರವಾದ ಅತ್ಯಾಚಾರ ನಡೆಯಿತು. ನಾಡೆಲ್ಲ ತಲ್ಲಣಿಸಿತು. ಆ ಬೆನ್ನಿಗೇ ಮೈಸೂರು ವಿಶ್ವವಿದ್ಯಾನಿಲಯ ಒಂದು ಸುತ್ತೋಲೆ ಹೊರಡಿಸಿತು. ಸಂಜೆ ಆರೂವರೆಯ ಮೇಲೆ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯ ಆವರಣದಲ್ಲಿ ಒಬ್ಬೊಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋಗಬಾರದು ಎಂದು ಅದರಲ್ಲಿ ಇತ್ತು. ಹೊರಡಿಸಿದವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ವಿದ್ಯಾರ್ಥಿನಿಯರು ಕೇಳಿದ ಪ್ರಶ್ನೆ ನ್ಯಾಯವಾದದ್ದು: ತಪ್ಪು ಮಾಡಿದವರು ಯಾರೋ, ಕಟ್ಟುಪಾಡು ನಮಗೇಕೆ? ನಾಲ್ಕು ಕಡೆಯಿಂದ ಆಕ್ಷೇಪಣೆ ಬಂದು, ಕೆಲವೇ ದಿನಗಳಲ್ಲಿ ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಲಾಯಿತು.

ಇಂಥ ಒಂದು ನಿಯಮದ ಪೆಟ್ಟು ದೂರದ ಊರಿನ ಹುಡುಗಿಗೆ ಹೇಗೆ ತಗಲುತ್ತದೆಂದು ಯೋಚಿಸಿ ನೋಡಿ. ವಿಜ್ಞಾನ ಓದುವವಳಿಗೆ ಪ್ರಯೋಗಾಲಯದ ಕೆಲಸ ಗಡಿಯಾರ ನೋಡಿಕೊಂಡು ಮುಗಿಯುವುದಿಲ್ಲ. ಮನೆಯಲ್ಲಿ ಓದಲು ಬೇರೆ ಕೋಣೆ ಇಲ್ಲದವಳಿಗೆ ಗ್ರಂಥಾಲಯವೇ ಕೋಣೆ. ಸುದ್ದಿ ನರಸೀಪುರಕ್ಕೋ ನಂಜನಗೂಡಿಗೋ ಮುಟ್ಟುವಾಗ “ಕಾಲೇಜಿನವರೇ ಹೊರಗೆ ಬರಬೇಡಿ ಎಂದಿದ್ದಾರಂತೆ” ಎಂದಾಗಿರುತ್ತದೆ. ಆಮೇಲೆ ಮನೆಯಲ್ಲಿ ನಡೆಯುವ ಮಾತು ನಮಗೆಲ್ಲ ಗೊತ್ತಿದ್ದದ್ದೇ: “ಓದಿದ್ದು ಸಾಕು, ಗಂಡು ನೋಡೋಣ.” 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು, ಬಸ್ಸಿನ ದುಡ್ಡಿಗಾಗಿ ನಿಲ್ಲುತ್ತಿದ್ದ ಓದು ಮುಂದುವರಿಯಲು ದಾರಿಯಾಯಿತು. ದುಡ್ಡಿನ ಅಡ್ಡಿ ಹೋದ ಮೇಲೆ ಹೆದರಿಕೆಯ ಅಡ್ಡಿ ಉಳಿದರೆ ಏನು ಪ್ರಯೋಜನ?

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯು.ಜಿ.ಸಿ., ಲೈಂಗಿಕ ಕಿರುಕುಳ ತಡೆಯುವುದಕ್ಕಾಗಿ ಮಾಡಿದ 2015ರ ನಿಯಮಾವಳಿಯಲ್ಲಿ ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ. ಸುರಕ್ಷತೆಯ ಕಾರಣ ಒಡ್ಡಿ ಹುಡುಗಿಯರ ಹಾಸ್ಟೆಲಿಗೆ ಹುಡುಗರ ಹಾಸ್ಟೆಲಿಗಿಲ್ಲದ ತಾರತಮ್ಯದ ನಿಯಮ ಹೇರಬಾರದು. ಆವರಣದಲ್ಲಿ ದೀಪ, ಕಾವಲು, ಓಡಾಟಕ್ಕೆ ವಾಹನ ಇವುಗಳನ್ನು ಏರ್ಪಡಿಸುವುದು ಸಂಸ್ಥೆಯ ಹೊಣೆ. ಕಿರುಕುಳದ ದೂರು ವಿಚಾರಿಸಲು ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ನೆರೆಯ ಕೇರಳದಲ್ಲಿ ಒಂದು ಪ್ರಸಂಗ ನಡೆಯಿತು. ಕೋಳಿಕೋಡಿನ ಕಡೆಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲು ಬಳಸಬಾರದೆಂಬ ನಿಯಮ ಬಂತು. ಓದಿಗೂ ಅದು ಬೇಕೆಂದು ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಹಾಕಿದರು. 2019ರಲ್ಲಿ ಕೇರಳ ಹೈಕೋರ್ಟು ಅವಳನ್ನು ಮತ್ತೆ ಸೇರಿಸಿಕೊಳ್ಳಲು ಆಜ್ಞೆ ಮಾಡಿತು. ವಯಸ್ಸಿಗೆ ಬಂದ ವಿದ್ಯಾರ್ಥಿಗೆ ತನ್ನ ಓದನ್ನು ತಾನೇ ನಡೆಸಿಕೊಳ್ಳುವ ವಿವೇಕ ಉಂಟೆಂಬುದು ಆ ತೀರ್ಪಿನ ಹಿಂದಿರುವ ನಂಬಿಕೆ.

ಮುಂದಿನದು ಹಣದ ಮಾತು. ಇದರಲ್ಲಿ ನಮ್ಮ ರಾಜ್ಯದ ಹೆಸರೇ ದೇಶದ ಕಾನೂನು ಚರಿತ್ರೆಯಲ್ಲಿ ನಿಂತಿದೆ. ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟಿಗಾಗಿ ಕೇಳುವ ದೊಡ್ಡ ಮೊತ್ತ, ಕರ್ನಾಟಕದಲ್ಲಿ 1984ರ ಕಾಯಿದೆಯಿಂದ ನಿಷಿದ್ಧವಾಯಿತು. 1989ರಲ್ಲಿ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಶುಲ್ಕ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000 ರೂಪಾಯಿಯವರೆಗೆ, ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ. ತುಮಕೂರಿನ ಒಂದು ಕಾಲೇಜಿಗೆ ಅರ್ಜಿ ಹಾಕಿದ ಉತ್ತರ ಪ್ರದೇಶದ ವಿದ್ಯಾರ್ಥಿನಿ ಅಷ್ಟು ಹಣ ಕೊಡಲಾರದೆ ಸುಪ್ರೀಂ ಕೋರ್ಟಿನ ಮೊರೆಹೊಕ್ಕಳು. ಇದೇ ಮೋಹಿನಿ ಜೈನ್ ಮೊಕದ್ದಮೆ. ವಿದ್ಯೆಯನ್ನು ಹಣಕ್ಕೆ ಮಾರುವುದು ಸಮಾನತೆಗೆ ವಿರುದ್ಧ ಎಂದು 1992ರ ಜುಲೈನಲ್ಲಿ ತೀರ್ಪಾಯಿತು. ಮುಂದಿನ ವರ್ಷವೇ ಬಂದ ಇನ್ನೊಂದು ತೀರ್ಪು ಈ ಹಕ್ಕಿಗೆ ಎಲ್ಲೆ ಹಾಕಿತು: ಉಚಿತ ಶಿಕ್ಷಣದ ಹಕ್ಕು 14 ವರ್ಷದವರೆಗೆ, ಆಮೇಲಿನದು ಸರ್ಕಾರದ ಶಕ್ತಿಗೆ ತಕ್ಕಂತೆ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಸಂಸ್ಥೆಗಳು ತಮ್ಮ ಶುಲ್ಕ ಗೊತ್ತುಮಾಡಬಹುದು, ಆದರೆ ಕ್ಯಾಪಿಟೇಷನ್ ಮತ್ತು ಲಾಭಕೋರತನ ಕೂಡದು ಎಂದಿತು. ಕಾಲೇಜಿನ ಓದು ಪುಕ್ಕಟೆಯಾಗಿ ಸಿಗಬೇಕೆಂಬ ಹಕ್ಕು ಇಲ್ಲ. ಗೊತ್ತಾದ ಶುಲ್ಕ ಕೊಟ್ಟು ರಸೀದಿ ಪಡೆಯುವ ಹಕ್ಕು ಮಾತ್ರ ಖಂಡಿತ ಉಂಟು.

ಇದಕ್ಕೆ ಸೇರಿದ ಇನ್ನೊಂದು ತೊಂದರೆ ನಮ್ಮ ಮನೆಗಳಿಗೆ ಹೆಚ್ಚು ಪರಿಚಿತ. ಒಂದು ಕಾಲೇಜಿಗೆ ಸೇರಿದ ಹುಡುಗನಿಗೆ ಇನ್ನೊಂದರಲ್ಲಿ ಒಳ್ಳೆಯ ಸೀಟು ಸಿಗುತ್ತದೆ. ಬಿಟ್ಟುಹೋಗಲು ಕೇಳಿದರೆ ಮೊದಲಿನವರು ಮೂಲ ಅಂಕಪಟ್ಟಿಯನ್ನು ಹಿಡಿದಿಟ್ಟುಕೊಂಡು, ಉಳಿದ ವರ್ಷಗಳ ಶುಲ್ಕವನ್ನೂ ಕಟ್ಟು ಎನ್ನುತ್ತಾರೆ. ಯು.ಜಿ.ಸಿ. 2018ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಕಾಲೇಜು ಮೂಲ ಪ್ರಮಾಣಪತ್ರಗಳನ್ನು ನೋಡಿ ತಾಳೆಮಾಡಿ ಅಲ್ಲಿಯೇ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಮೊದಲೇ ಬಿಟ್ಟರೆ ಸಣ್ಣದೊಂದು ಕಡಿತ ಬಿಟ್ಟು ಪೂರ್ತಿ ಶುಲ್ಕ, ಕೊನೆಯ ದಿನಾಂಕವಾದ 15 ದಿನದೊಳಗೆ ಬಿಟ್ಟರೆ ನೂರಕ್ಕೆ 80, ತಿಂಗಳೊಳಗೆ ಬಿಟ್ಟರೆ ನೂರಕ್ಕೆ 50 ಹಿಂದಿರುಗಿಸಬೇಕೆಂದು ಅದು ಗೊತ್ತುಮಾಡಿತು. ಅಂಕಪಟ್ಟಿ ಹುಡುಗನ ಸ್ವತ್ತು. ಅದನ್ನು ಒತ್ತೆಯಿಟ್ಟುಕೊಳ್ಳಲು ಕಾಲೇಜೇನು ಗಿರವಿ ಅಂಗಡಿಯಲ್ಲ.

ಹೆದರಿಕೆಯಿಲ್ಲದೆ ಓದುವುದೂ ಒಂದು ಹಕ್ಕೇ. ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಪೀಡಿಸುವ ರ‍್ಯಾಗಿಂಗನ್ನು ಹಿಂದೆ ಹುಡುಗಾಟವೆಂದು ಬಿಟ್ಟುಬಿಡುತ್ತಿದ್ದರು. 2009ರ ಮಾರ್ಚಿಯಲ್ಲಿ ಹಿಮಾಚಲ ಪ್ರದೇಶದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಈ ಪೀಡೆಯಿಂದ ಸತ್ತ. ಅದೇ ವರ್ಷ ಯು.ಜಿ.ಸಿ. ಕಟ್ಟುನಿಟ್ಟಾದ ನಿಯಮ ಮಾಡಿತು. ದೂರು ಬಂದ 24 ಗಂಟೆಗಳಲ್ಲಿ ಸಂಸ್ಥೆಯೇ ಪೊಲೀಸರಿಗೆ ತಿಳಿಸಬೇಕು. ಸೇರುವಾಗ ವಿದ್ಯಾರ್ಥಿಯೂ ತಂದೆತಾಯಿಯೂ ಮುಚ್ಚಳಿಕೆ ಬರೆದುಕೊಡಬೇಕು. ಕರ್ನಾಟಕ ಶಿಕ್ಷಣ ಕಾಯಿದೆಯಲ್ಲೂ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ. ಜಾತಿಯ ಹೆಸರಿನ ಅವಮಾನ ಇದಕ್ಕಿಂತ ಸೂಕ್ಷ್ಮವಾದದ್ದು. ಊಟದ ಸಾಲಿನಲ್ಲಿ ಬೇರೆ ಕೂರಿಸುವುದು, ವಿದ್ಯಾರ್ಥಿವೇತನ ಪಡೆಯುವವರ ಹೆಸರನ್ನು ತರಗತಿಯಲ್ಲಿ ಕೂಗಿ ನಗುವುದು, ಒಳಗಿನ ಅಂಕಗಳಲ್ಲಿ ಕೈ ಬಿಗಿಹಿಡಿಯುವುದು, ಇವೆಲ್ಲ ಕಣ್ಣಿಗೆ ಕಾಣದ ಗಾಯಗಳು. ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕವಿರಬೇಕು, ತಾರತಮ್ಯದ ದೂರು ಕೇಳುವ ಅಧಿಕಾರಿ ಇರಬೇಕು ಎಂದು 2012ರಲ್ಲಿಯೇ ಯು.ಜಿ.ಸಿ. ನಿಯಮ ಮಾಡಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರ ಮೇಲಿನ ದೌರ್ಜನ್ಯಕ್ಕೆ 1989ರ ಕಾಯಿದೆ ಬೇರೆ ಇದೆ.

ಮಾತಿನ ಸ್ವಾತಂತ್ರ್ಯದ ವಿಷಯಕ್ಕೆ ಬರೋಣ. ಮೈಸೂರಿಗೆ ಹೋದವರು ರಾಮಸ್ವಾಮಿ ವೃತ್ತವನ್ನು ನೋಡಿರುತ್ತೀರಿ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನಲ್ಲಿ ಚಳವಳಿ ನಡೆದಾಗ ಗುಂಡಿಗೆ ಬಲಿಯಾದ ಎಳೆಯ ವಿದ್ಯಾರ್ಥಿಯ ಹೆಸರು ಅದು. ದಿನವೂ ಸಾವಿರಾರು ವಿದ್ಯಾರ್ಥಿಗಳು ಆ ವೃತ್ತವನ್ನು ಹಾದು ಕಾಲೇಜಿಗೆ ಹೋಗುತ್ತಾರೆ. ವಿದ್ಯಾರ್ಥಿಗಳಿಗೆ ಸಾರ್ವಜನಿಕ ವಿಷಯ ಬೇಡವೆನ್ನುವವರು ಆ ಹೆಸರನ್ನು ಒಮ್ಮೆ ನೆನೆಯಬೇಕು. ವಿದ್ಯಾಲಯದಲ್ಲಿ ಹೊಸದನ್ನು ಯೋಚಿಸುವ ಬಿಡುವು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಬಗೆಯ ಉದಾಹರಣೆ ಈ ಬಾನುಲಿಯೇ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು.

ಮಾತಾಡುವ ಹಕ್ಕಿಗೆ ಮಿತಿ ಇಲ್ಲವೆಂದಲ್ಲ. ಹಿಂಸೆಗೆ ಪ್ರಚೋದನೆ, ಮಾನಹಾನಿ, ಶಾಂತಿಭಂಗ ಇವನ್ನು ತಡೆಯುವ ಯುಕ್ತವಾದ ನಿರ್ಬಂಧಗಳನ್ನು ಸಂವಿಧಾನವೇ ಒಪ್ಪಿದೆ. ತರಗತಿ ನಡೆಯುವಾಗ ಬಾಗಿಲು ಬಡಿದು ಎಬ್ಬಿಸುವುದು ಹಕ್ಕಲ್ಲ, ಓದಲು ಬಂದ ಮತ್ತೊಬ್ಬನ ಹಕ್ಕಿನ ಹರಣ. ಕಾಲೇಜು ಚುನಾವಣೆಗಳಲ್ಲಿ ಹೊಡೆದಾಟಗಳಾದವೆಂದು ನಮ್ಮ ರಾಜ್ಯದಲ್ಲಿ 1980ರ ದಶಕದ ಕೊನೆಗೆ ಅವನ್ನು ನಿಲ್ಲಿಸಿಬಿಟ್ಟರು. ಹೊಡೆದಾಟ ನಿಂತದ್ದು ಒಳ್ಳೆಯದೇ. ಅದರೊಡನೆ ವಿದ್ಯಾರ್ಥಿಗಳ ಪರವಾಗಿ ಎದ್ದುನಿಂತು ಮಾತಾಡುವ ಚುನಾಯಿತ ಪ್ರತಿನಿಧಿಯೂ ಇಲ್ಲವಾದ. ಲಿಂಗ್ಡೋ ಸಮಿತಿ 2006ರಲ್ಲಿ ನಡುದಾರಿಯೊಂದನ್ನು ತೋರಿಸಿತು. ಚುನಾವಣೆ ಇರಲಿ, ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ದಾಟದಿರಲಿ, ಅವನಿಗೆ ನೂರಕ್ಕೆ 75 ಹಾಜರಿ ಇರಲಿ, ಅಚ್ಚಾದ ಭಿತ್ತಿಪತ್ರ ಬೇಡ ಎಂದಿತು. ಅದೇ ವರ್ಷ ಸುಪ್ರೀಂ ಕೋರ್ಟು ಇದನ್ನು ಜಾರಿಗೆ ತರಲು ಹೇಳಿತು. ಹಕ್ಕಿನ ದುರುಪಯೋಗಕ್ಕೆ ಮದ್ದು ಹಕ್ಕನ್ನು ತೆಗೆದುಬಿಡುವುದಲ್ಲ, ಅದಕ್ಕೆ ಕಟ್ಟು ಹಾಕುವುದು ಎಂಬುದೇ ಆ ದಾರಿ.

ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಕ್ಕಿಬಿಟ್ಟಿದೆ ಎಂದೂ ಭಾವಿಸಬೇಡಿ. ತರಗತಿಯಲ್ಲಿ ಹಿಜಾಬು ಧರಿಸುವ ವಿಷಯವಾಗಿ 2022ರಲ್ಲಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ದೊಡ್ಡ ವಿವಾದ ಎದ್ದಿತು. ಸರ್ಕಾರದ ಸಮವಸ್ತ್ರದ ಆದೇಶವನ್ನು ಮಾರ್ಚಿಯಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟು, ಹೆಚ್ಚು ದೊಡ್ಡ ಪೀಠ ಇದನ್ನು ಕೇಳಲಿ ಎಂದರು. ಅಷ್ಟು ದೊಡ್ಡವರಲ್ಲೇ ಭಿನ್ನಾಭಿಪ್ರಾಯ ಬರುವಂಥ ವಿಷಯದಲ್ಲಿ ನಾವು ದುಡುಕಬಾರದು. ಯಾವ ಪಕ್ಷದ ವಾದ ಗೆದ್ದರೂ ವರ್ಷ ಕಳೆದುಕೊಳ್ಳುವವಳು ವಿದ್ಯಾರ್ಥಿನಿ ಎಂಬುದನ್ನಷ್ಟು ಮರೆಯದಿದ್ದರೆ ಒಳ್ಳೆಯದು.

ಪರೀಕ್ಷೆಯ ಅಂಕದ ಬಗ್ಗೆ ಅನುಮಾನ ಬಂದರೆ ಏನು ಮಾಡಬೇಕು? ತನ್ನ ಉತ್ತರಪತ್ರಿಕೆಯನ್ನು ನೋಡುವ, ನಕಲು ಪಡೆಯುವ ಹಕ್ಕು ಮಾಹಿತಿ ಹಕ್ಕಿನ ಕಾಯಿದೆಯಡಿ ಪರೀಕ್ಷೆಗೆ ಕುಳಿತವನಿಗೆ ಉಂಟೆಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಉತ್ತರಪತ್ರಿಕೆಗಳನ್ನು ಇಟ್ಟಿರುವ ಅವಧಿಯೊಳಗೆ ಕೇಳಬೇಕು, ಅಷ್ಟೆ. ಆ ಕಾಯಿದೆಯ ಪ್ರಕಾರ 30 ದಿನಗಳಲ್ಲಿ ಉತ್ತರ ಬರಬೇಕು.

ಇಷ್ಟೆಲ್ಲ ಹಕ್ಕುಗಳಿದ್ದರೂ ಕೇಳುವುದು ಯಾರನ್ನು, ಹೈಕೋರ್ಟಿಗೆ ಹೋಗಲು ನಮ್ಮಲ್ಲಿ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. ಅದಕ್ಕಾಗಿಯೇ ಯು.ಜಿ.ಸಿ. 2023ರ ಏಪ್ರಿಲಿನಲ್ಲಿ ಹೊಸ ನಿಯಮ ಮಾಡಿತು. ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು. ಸದಸ್ಯರಲ್ಲಿ ಒಬ್ಬ ಮಹಿಳೆಯಾದರೂ, ಪರಿಶಿಷ್ಟ ಅಥವಾ ಹಿಂದುಳಿದ ವರ್ಗದ ಒಬ್ಬರಾದರೂ ಇರಬೇಕು. ವಿದ್ಯಾರ್ಥಿಗಳ ಪರವಾಗಿ ಒಬ್ಬನನ್ನು ಕರೆಯಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಅದರಿಂದ ಸಮಾಧಾನವಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್ ಎಂಬ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ನಿವೃತ್ತ ಕುಲಪತಿಗಳೋ, ನಿವೃತ್ತ ಹಿರಿಯ ಪ್ರಾಧ್ಯಾಪಕರೋ, ಹಿಂದೆ ಜಿಲ್ಲಾ ನ್ಯಾಯಾಧೀಶರಾಗಿದ್ದವರೋ ಆ ಸ್ಥಾನದಲ್ಲಿರುತ್ತಾರೆ. ಅವರು 30 ದಿನಗಳಲ್ಲಿ ತೀರ್ಮಾನಿಸಬೇಕು. ಇದಕ್ಕೆ ವಕೀಲರ ಫೀಜು ಬೇಡ; ಬೇಕಾದದ್ದು ಒಂದು ಹಾಳೆ ಕಾಗದ ಮತ್ತು ಸ್ವಲ್ಪ ಧೈರ್ಯ.

ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಕಾಲೇಜಿನ ವ್ಯವಹಾರದಲ್ಲಿ ಬಾಯಿಯ ಜೊತೆಗೆ ಬರಹವೂ ಬೇಕು. ಕೊಟ್ಟ ಅರ್ಜಿಗೆಲ್ಲ ಒಂದು ನಕಲು ಇಟ್ಟುಕೊಳ್ಳಿ, ಅದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿ. ಕಟ್ಟಿದ ಹಣಕ್ಕೆಲ್ಲ ರಸೀದಿ ಪಡೆಯಿರಿ. ಖಾಯಿಲೆಯಿಂದ ಹಾಜರಿ ತಪ್ಪಿದರೆ ಪರೀಕ್ಷೆಯ ಮುನ್ನಾದಿನದವರೆಗೆ ಕಾಯದೆ ಆಗಲೇ ವೈದ್ಯರ ಪತ್ರ ಕೊಡಿ. ಬಾಯಿಮಾತಿನಲ್ಲಿ ಹೇಳಿದ ಶಿಕ್ಷೆಯನ್ನು ಬರಹದಲ್ಲಿ ಕೊಡಿರೆಂದು ವಿನಯವಾಗಿ ಕೇಳಿ. ಓದದೆ, ಅರ್ಥ ತಿಳಿಯದೆ ಯಾವ ಕ್ಷಮಾಪಣೆಗೂ ರುಜು ಹಾಕಬೇಡಿ.

ಹಕ್ಕಿಗೆ ಹೊಂದಿಕೊಂಡು ಕರ್ತವ್ಯವೂ ಇದೆ. ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮ ಕೈಗೊಳ್ಳಲು ಅದೇ ನಿಯಮದಲ್ಲಿ ಅವಕಾಶವಿದೆ. ನಕಲು ಹೊಡೆದವನು ವಿಚಾರಣೆಯ ನೆವದಲ್ಲಿ ತಪ್ಪಿಸಿಕೊಳ್ಳಬಾರದು. ತರಗತಿಗೆ ಬಾರದವನು ಹಾಜರಿ ಕೇಳಬಾರದು. ಅಧ್ಯಾಪಕರಿಗೂ ಗೌರವದಿಂದ ಪಾಠ ಹೇಳುವ ಹಕ್ಕಿದೆ. ಅದನ್ನು ಕಾಯುವುದು ವಿದ್ಯಾರ್ಥಿಯ ಪಾಲಿನ ಕೆಲಸ. ಕಾರಣ ಕೇಳಿದ ಮಾತ್ರಕ್ಕೆ ಗುರುನಿಂದೆಯಾಗುವುದಿಲ್ಲ. ಕಾರಣ ಕೇಳುವುದನ್ನು ಕಲಿಸುವುದಕ್ಕೇ ಅಲ್ಲವೆ ವಿಶ್ವವಿದ್ಯಾನಿಲಯ ಇರುವುದು?

ಕೇಳುಗರಲ್ಲಿ ತಂದೆತಾಯಿಗಳಾಗಿರುವವರಿಗೆ ಒಂದು ಮಾತು. ನಿಮ್ಮ ಮಗನೋ ಮಗಳೋ ಕಾಲೇಜಿನ ನೋಟೀಸು ಹಿಡಿದು ಮುಖ ಬಾಡಿಸಿಕೊಂಡು ಮನೆಗೆ ಬಂದರೆ, “ಏನು ಮಾಡಿಕೊಂಡು ಬಂದೆ?” ಎಂದು ಕೇಳಿ, ಕೇಳಲೇಬೇಕು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. “ಕಾರಣ ಬರೆದು ಕೊಟ್ಟಿದ್ದಾರೆಯೆ? ನಿನ್ನ ಮಾತನ್ನು ಕೇಳಿದರೆ?” ಎಂದೂ ಕೇಳಿ. ಇಲ್ಲವೆಂದರೆ ಮಾರನೆಯ ಬೆಳಗ್ಗೆ ಅವರ ಜೊತೆಯಲ್ಲಿ ಕಾಲೇಜಿಗೆ ಹೋಗಿ ಆ ಪ್ರಶ್ನೆಯನ್ನು ನೀವೇ ಕೇಳಿ.